ಕಾವಲಿನ ಹೂವು, ಚಂದ್ರನ ಗುಂಡಿ

ಚಂದ್ರನಿಗೆ ಹೋಗುವ ದಾರಿ ಚಳ್ಳಕೆರೆಯ ಮೇಲೆ ಹಾಯುತ್ತದೆ ಎಂದರೆ ಕೆಂಗೇರಿಯ ನಮ್ಮ ಬೀದಿಯವರು ನಗುತ್ತಾರೆ. ನಗಲಿ. ಚಂದ್ರಯಾನ–2ರ ತಯಾರಿಯಲ್ಲಿದ್ದಾಗ ಇಸ್ರೋದವರು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ದೊಡ್ಡ ದೊಡ್ಡ ಗುಂಡಿ ತೋಡಿಸಿ, ಮೇಲೆ ವಿಮಾನ ಹಾರಿಸಿ, ನೌಕೆಯ ಸಂವೇದಕಗಳಿಗೆ ಹಳ್ಳ ಯಾವುದು, ದಿಣ್ಣೆ ಯಾವುದು ಗೊತ್ತಾಗುತ್ತದೆಯೇ ಎಂದು ಪರೀಕ್ಷೆ ಮಾಡಿದ್ದರು. ಚಂದ್ರನಷ್ಟು ಬೋಳಾದ ನೆಲ ಬೇಕಿದ್ದಾಗ ಅವರ ಕಣ್ಣಿಗೆ ಬಿದ್ದದ್ದು ನಮ್ಮ ಸೀಮೆ!

ಆ ಕಡೆಯವನಾದ ನನ್ನದೊಂದು ಸಣ್ಣ ತಕರಾರು. ಕಾವಲು ಬೋಳಾಗಿ ಕಾಣುವುದು ಏಪ್ರಿಲ್ ಬಿಸಿಲಲ್ಲಿ, ಅದೂ ಬಸ್ಸಿನ ಕಿಟಕಿಯಿಂದ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳು, ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ ದನಗಳು, ಮೇಯುತ್ತಿದ್ದದ್ದು ಇಂಥ ಕಾವಲುಗಳಲ್ಲಿ. ಕಲ್ಲು ತಿಂದು ಅವು ಬದುಕಿರಲಿಲ್ಲ. ಹದವಾಗಿ ಎರಡು ಮಳೆ ಬೀಳಲಿ, ಆಮೇಲೆ ಅಲ್ಲಿ ಬಗ್ಗಿ ನೋಡಬೇಕು. ಹುಲ್ಲಿನ ಬುಡದಲ್ಲಿ ವಿಷ್ಣುಕ್ರಾಂತಿ: ಶರ್ಟಿನ ಗುಂಡಿಯಷ್ಟೂ ಇಲ್ಲದ ನೀಲಿ ಹೂವು, ಬೆಳಗ್ಗೆ ಅರಳಿ ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತದೆ. ಸುತ್ತ ತುಂಬೆ, ಗುಲಾಬಿ–ಬಿಳಿ ತೆನೆಯ ಅಣ್ಣೆ, ಬದುವಿನ ಮೇಲೆ ಹಳದಿ ತಂಗಡಿ. ಕಾಯಿ ಒಣಗಿದರೆ ಮಕ್ಕಳ ಆಟಿಕೆಯ ಹಾಗೆ ಸದ್ದು ಮಾಡುವ ಗಿಲಿಗಿಲಿ ಗಿಡವೂ ಉಂಟು. ಕುರಿ ಕಾಯುವ ಹುಡುಗರಿಗೆ ಇದೆಲ್ಲ ಗೊತ್ತು. ಕಾವಲಿನ ಸಾವಿರಾರು ಎಕರೆಯನ್ನು ಸಂಸ್ಥೆಗಳಿಗೆ ಹಂಚಿದಾಗ ಅವರನ್ನು ಕೇಳುವ ಗೋಜಿಗೆ ಯಾರೂ ಹೋಗಿರಲಾರರು.

ಒಂದು ಸಂಕ್ರಾಂತಿಗೆ ಊರಿಗೆ ಹೋದವನು ಬದುಗಳಲ್ಲಿ ಅಲೆದು, ಹಳೆಯ ಪತ್ರಿಕೆಯ ಪೊಟ್ಟಣಗಳಲ್ಲಿ ಈ ಗಿಡಗಳ ಬೀಜ ಕಟ್ಟಿಕೊಂಡು ಬಂದೆ. ಅಣ್ಣೆಯದು ಸಾಸಿವೆಗಿಂತ ಸಣ್ಣ, ಎಣ್ಣೆ ಹಚ್ಚಿದಂತೆ ಮಿರಮಿರ ಕಪ್ಪು. ತುಂಬೆಯ ಒಣಗಿದ ಗುಂಡನ್ನು ಅಂಗೈ ಮೇಲೆ ಕುಟ್ಟಿದರೆ ಕಂದು ಪುಡಿ ಉದುರುತ್ತದೆ, ಅದೇ ಬೀಜ. ತಂಗಡಿಯದು ಮಾತ್ರ ಕಲ್ಲು. ಚರ್ಮ ಹದ ಮಾಡಲು ಇದರ ತೊಗಟೆ ಬಳಸುತ್ತಿದ್ದರು. ಬೀಜಕ್ಕೂ ಅದೇ ಗಡಸುತನ.

ನಮ್ಮ ಕಾಂಪೌಂಡಿಗೂ ಮೋರಿಗೂ ನಡುವೆ ಒಂದು ಪಟ್ಟಿ ನೆಲವಿದೆ. ಅಲ್ಲಿ ಹಿಂದೆ ಇದ್ದದ್ದು ಕಾಂಗ್ರೆಸ್ ಗಿಡ ಮತ್ತು ಯಾರದೋ ಒಡೆದ ಕಮೋಡು. ಎರಡನ್ನೂ ಕಿತ್ತು ತೆಗೆದು, 2023ರ ಜುಲೈ ಮಳೆಗೆ ಬೀಜ ಎರಚಿದೆ. ಅದೇ ವಾರ, ಜುಲೈ 14ರ ಮಧ್ಯಾಹ್ನ 2.35ಕ್ಕೆ ಶ್ರೀಹರಿಕೋಟಾದಿಂದ ಚಂದ್ರಯಾನ–3 ಹಾರಿತು. ಹೀಗೆ ಎರಡು ಪ್ರಯಾಣ ಒಟ್ಟಿಗೆ ಶುರುವಾದವು. ಒಂದಕ್ಕೆ ದೇಶವೆಲ್ಲ ಸಾಕ್ಷಿ. ಇನ್ನೊಂದಕ್ಕೆ ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿ ಒಬ್ಬರೇ ಸಾಕ್ಷಿ.

“ಏನ್ ಸಾರ್, ಇದು ಕಳೆ ಅಲ್ವಾ?”

“ಕಳೇನೇ ಸಾರ್. ನಮ್ಮೂರಿನದು.”

“ಇದರಿಂದ ಏನು ಉಪಯೋಗ?”

ಈ ಪ್ರಶ್ನೆ ಆ ದಿನಗಳಲ್ಲಿ ಚಂದ್ರನನ್ನೂ ಬಿಟ್ಟಿರಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ–2ರ ಇಳಿನೌಕೆ ವಿಕ್ರಮ್ ಬಿದ್ದು ಒಡೆದಾಗಿನಿಂದ, ಕಾಫಿ ಕುಡಿಯುತ್ತಾ ಇಸ್ರೋಗೆ ಲೆಕ್ಕ ಹೇಳದವರು ಕಡಿಮೆ. ನಾನು ಎರಡಕ್ಕೂ ಉತ್ತರ ಕೊಡಲು ಹೋಗಲಿಲ್ಲ. ರಸ್ತೆ ಗುಡಿಸುವ ಅಮ್ಮ ಮಾತ್ರ ಮೊಳಕೆ ನೋಡಿದ್ದೇ ಕುಕ್ಕರಗಾಲಿನಲ್ಲಿ ಕೂತು, “ಅಣ್ಣೆ ಸೊಪ್ಪು ಅಲ್ವೇನಣ್ಣ? ಸ್ವಲ್ಪ ದೊಡ್ಡದಾಗ್ಲಿ, ಸಾರಿಗೆ ಬತ್ತದೆ” ಎಂದರು. ಆಮೇಲೆ ಆ ಪಟ್ಟಿಯ ಹತ್ತಿರ ಅವರ ಪೊರಕೆಯೇ ಸುಳಿಯಲಿಲ್ಲ.

ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿತು. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ಮುಂದೆ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಬೀದಿಯ ಕುಂಡಗಳಲ್ಲಿ ನರ್ಸರಿ ಗಿಡಗಳು ಟ್ಯಾಂಕರ್ ನೀರಿಗೆ ಬಾಯಿಬಿಟ್ಟು ನಿಂತವು. ಚಳ್ಳಕೆರೆಯವುಗಳಿಗೆ ಇದೇನು ಹೊಸದೇ? ಅಣ್ಣೆ ಮೊಣಕಾಲೆತ್ತರದಲ್ಲೇ ತೆನೆ ಬಿಟ್ಟಿತು, ವಿಷ್ಣುಕ್ರಾಂತಿ ನೆಲಕ್ಕೆ ಇನ್ನಷ್ಟು ಅಂಟಿಕೊಂಡಿತು.

ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ–3ರ ವಿಕ್ರಮ್ ಇಳಿಯಿತು, ಪಟಾಕಿ ಹಾರಿತು, ಅದೆಲ್ಲ ಎಲ್ಲರಿಗೂ ನೆನಪಿದೆ. ನನಗೆ ರುಚಿಸಿದ ಸುದ್ದಿ ಬಂದದ್ದು ನಾಲ್ಕು ದಿನ ತಡವಾಗಿ. ವಿಕ್ರಮ್‌ನಲ್ಲಿದ್ದ ‘ಚೇಸ್ಟ್’ ಎಂಬ ಉಪಕರಣ, ಹತ್ತು ತಾಪಸಂವೇದಕಗಳ ಒಂದು ಕಡ್ಡಿ, ಚಂದ್ರನ ಮಣ್ಣಿಗೆ ಚುಚ್ಚಿಕೊಂಡಿತ್ತು. ಮೇಲ್ಮೈಯಲ್ಲಿ ಸುಮಾರು 50 ಡಿಗ್ರಿ ಬಿಸಿ, ಎಂಟು ಸೆಂಟಿಮೀಟರ್ ಕೆಳಗೆ ಮೈನಸ್ 10! ಗಾಳಿಯಿಲ್ಲದ, ನೀರಿಲ್ಲದ ಹುಡಿ ಮಣ್ಣು. ಮೇಲಿನ ಬಿಸಿ ಕೆಳಕ್ಕೆ ಇಳಿಯುವುದೇ ಇಲ್ಲ. ಪತ್ರಿಕೆ ಕೆಳಗಿಟ್ಟು ಹೋಗಿ ನಮ್ಮ ಪಟ್ಟಿಯಲ್ಲಿ ಬೆರಳು ಊರಿದೆ. ಮೇಲೆ ಸುಡುತ್ತಿತ್ತು. ಎರಡು ಗೆಣ್ಣು ಇಳಿದ ಮೇಲೆ ಒಂದಿಷ್ಟು ತಂಪು, ಉಗುರಿಗೆ ಮೆತ್ತುವಷ್ಟು ಪಸೆ. ಆ ಆಗಸ್ಟ್‌ನಲ್ಲೂ ಪಸೆ! ಕಾವಲನ್ನೂ ಚಂದ್ರನನ್ನೂ ಒಂದೇ ತಕ್ಕಡಿಗೆ ಹಾಕುವವರು ಇಲ್ಲೊಮ್ಮೆ ಬೆರಳಿಡಬೇಕಿತ್ತು.

ಸೆಪ್ಟೆಂಬರ್ ಮೊದಲ ವಾರ ಚಂದ್ರನಲ್ಲಿ ಕತ್ತಲಾಗುವ ಮೊದಲು ರೋವರ್ ಪ್ರಜ್ಞಾನ್‌ನನ್ನೂ ವಿಕ್ರಮ್‌ನನ್ನೂ ಮಲಗಿಸಿದರು. ನಮ್ಮ ಲೆಕ್ಕದಲ್ಲಿ ಹದಿನಾಲ್ಕು ದಿನದ ರಾತ್ರಿ. 22ರ ಹೊತ್ತಿಗೆ ಬೆಳಕು ಬಂದಿತ್ತು, ಕರೆ ಹೋಯಿತು, ಅತ್ತಲಿಂದ ಓಗೊಡಲಿಲ್ಲ. ನನ್ನ ತಂಗಡಿಯೂ ಅಷ್ಟೇ, ಹೊರಗೆ ಮುಖ ತೋರಿಸಿರಲಿಲ್ಲ. ಬಿಸಿನೀರಿನಲ್ಲಿ ನೆನೆಸಿ, ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಬಿತ್ತುವ ಕ್ರಮವಿದೆ. ಕಾವಲಿನಲ್ಲಿ ಅದನ್ನು ಯಾರು ಉಜ್ಜುತ್ತಾರೆ ಎಂದು ನಾನು ಹಾಗೇ ಎರಚಿದ್ದೆ.

2024ರ ಜೂನ್‌ನಲ್ಲಿ ನಾಲ್ಕಾರು ತಂಗಡಿ ಎದ್ದವು. ಅಷ್ಟರಲ್ಲಿ ಒಣಗಿ ನಿಂತಿದ್ದ ಗಿಲಿಗಿಲಿ ಗಿಡಕ್ಕೆ ನೀಲಿ ಪಟ್ಟೆಯ ಚಿಟ್ಟೆಗಳು ಮುತ್ತಿದವು. ಹೂವಿಲ್ಲದ ಕಡ್ಡಿಯನ್ನು ಅವು ಕೆರೆದು ಹೀರುತ್ತವೆ. ಅದರಲ್ಲಿರುವ ಕಹಿ ಸಸ್ಯಕ್ಷಾರ ಗಂಡು ಚಿಟ್ಟೆಗಳಿಗೆ ಹೆಣ್ಣನ್ನು ಒಲಿಸುವ ಸುಗಂಧಕ್ಕೆ ಬೇಕು. ಬ್ಯಾಂಕಿನವರು ಮೊಬೈಲ್ ಹಿಡಿದು ಮಂಡಿಯೂರಿ ಕೂತರು. ಉಪಯೋಗದ ಮಾತು ಅವತ್ತು ಬರಲಿಲ್ಲ.

ಆದರೆ ಸುಮ್ಮನಿರುವ ಜಾಯಮಾನ ಅವರದಲ್ಲ. ಡಿಸೆಂಬರ್ 30ಕ್ಕೆ ಹಾರಿದ ಪಿಎಸ್‌ಎಲ್‌ವಿ–ಸಿ60ರಲ್ಲಿ ಇಸ್ರೋ ಎಂಟು ಅಲಸಂದೆ ಬೀಜ ಇಟ್ಟಿತ್ತು. ನಾಲ್ಕೇ ದಿನಕ್ಕೆ ಮೊಳಕೆ, ಆಮೇಲೆ ಎಲೆ. ಬೆಳಗ್ಗೆಯೇ ಪತ್ರಿಕೆ ಹಿಡಿದು ಗೇಟಿಗೆ ಬಂದರು.

“ನೋಡಿ ಸಾರ್! ಆಕಾಶದಲ್ಲಿ ನಾಲ್ಕು ದಿನ. ನಿಮ್ಮ ತಂಗಡಿಗೆ ಒಂದು ವರ್ಷ!”

“ಅಲಸಂದೆ ಸಾವಿರಾರು ವರ್ಷದಿಂದ ರೈತನ ಮಾತು ಕೇಳಿ ಬೆಳೆದದ್ದು ಸಾರ್, ನೀರು ಕಂಡರೆ ಏಳುತ್ತೆ. ಕಾಡುಬೀಜ ಎಲ್ಲವೂ ಒಟ್ಟಿಗೆ ಎದ್ದರೆ ಒಂದು ಬರಕ್ಕೆ ವಂಶವೇ ಹೋಗುತ್ತೆ. ಅದಕ್ಕೇ ಒಂದಿಷ್ಟು ಈ ವರ್ಷ, ಒಂದಿಷ್ಟು ಇನ್ಯಾವಾಗಲೋ.”

“ಅಂದರೆ ಫಿಕ್ಸೆಡ್ ಡೆಪಾಸಿಟ್ಟು,” ಎಂದರು.

ಶಿವರಾತ್ರಿಗೆ ಅವರ ಮನೆಯವರು ನಮ್ಮ ಪಟ್ಟಿಯಿಂದ ತುಂಬೆ ಹೂ ಬಿಡಿಸಿಕೊಂಡು ಹೋದರು. ಬ್ಯಾಂಕಿನವರು ಒಂದು ಹಿಡಿ ಗಿಲಿಗಿಲಿ ಕಾಯಿ ಕೇಳಿ ಪಡೆದರು. ಮೊಮ್ಮಗನಿಗೆ ಆಟಕ್ಕೆ ಎಂದರು. ಹೋದ ಮಳೆಗಾಲದಲ್ಲಿ ನೋಡಿದರೆ, ಅವರ ಕಾರು ನಿಲ್ಲುವ ಜಾಗದ ಪಕ್ಕ ಟೈಲ್ಸ್ ಎರಡು ಸಾಲು ಕಿತ್ತು ಮಣ್ಣು ಕೆದಕಿತ್ತು. ನಾನು ಏನಿದು ಸಾರ್ ಎಂದು ಕೇಳುವ ಮೊದಲೇ, “ಡ್ರೈನೇಜ್ ಕೆಲಸ” ಎಂದರು.