ತುಂಬು, ಮುರಿ, ಅರ

ನಮ್ಮ ಕೋಳಿ ಬೊಳ್ಳಿಯ ಮೇಲ್ಗೊಕ್ಕು ಗಿಳಿಯ ಕೊಕ್ಕಿನ ಹಾಗೆ ಬಾಗಿರುವುದನ್ನು ಮೊದಲು ಕಂಡವಳು ಸೊಸೆ. ಕಾಳಿಗೆ ಬಾಯಿ ಹಾಕಿದರೆ ಕೊಕ್ಕಿನ ತುದಿ ನೆಲಕ್ಕೆ ತಾಗುತ್ತದೆ, ಕಾಳು ಅಲ್ಲೇ ಉಳಿಯುತ್ತದೆ. ಹತ್ತು ಸಲ ಕುಕ್ಕಿದರೆ ಒಂದು ಕಾಳು. ಎತ್ತಿಕೊಂಡರೆ ಎದೆಮೂಳೆ ಕೈಗೆ ಚುಚ್ಚುವಷ್ಟು ಕೋಳಿ ಸೊರಗಿತ್ತು.

ಸೊಸೆ ತೀರ್ಥಹಳ್ಳಿ ಕಡೆಯವಳು. ಕಾಸರಗೋಡಿನ ಬದಿಯಡ್ಕದ ಹತ್ತಿರದ ಈ ಮನೆಗೆ ಬಂದು ಆಗಿನ್ನೂ ಆರು ತಿಂಗಳು. ಇಲ್ಲಿ ಒಂದೇ ಹಕ್ಕಿಗೆ ಬೇಲಿಗೊಂದು ಹೆಸರು: ನಮ್ಮ ಮನೆಯಲ್ಲಿ ಕೋಳಿ, ತೋಟದ ಕೆಲಸಕ್ಕೆ ಬರುವವರ ತುಳುವಿನಲ್ಲಿ ಕೋರಿ, ಪಕ್ಕದ ಮನೆಯ ಉಮ್ಮನ ಬಾಯಲ್ಲಿ ಕೋಯಿ. ಶಾಲೆಯ ಮಲಯಾಳ ಪುಸ್ತಕದಲ್ಲಿ ಅದು ಕೋೞಿ. ಹಳಗನ್ನಡದಲ್ಲೂ ಕೋೞಿಯೇ. ನಾವು ಕಳೆದುಕೊಂಡ ೞಕಾರವನ್ನು ಮಲಯಾಳ ಇಂದಿಗೂ ಕಾಪಾಡಿಕೊಂಡಿದೆ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಆ ಅಕ್ಷರದ ಪದಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ. ಇಷ್ಟು ಹತ್ತಿರದ ಭಾಷೆಗಳಾದ್ದರಿಂದಲೇ ಇಲ್ಲಿ ಕಿವಿ ಮೋಸಹೋಗುವುದು ಸುಲಭ.

ನಾನು ಪೇಟೆಗೆ ಹೋಗಿದ್ದಾಗ ಸೊಸೆ ಬೇಲಿಯಾಚೆಯ ಉಮ್ಮನಿಗೆ ಬೊಳ್ಳಿಯನ್ನು ತೋರಿಸಿದಳು. ಉಮ್ಮ ನೋಡಿ, "ಚುಂಡಿಂಡೆ ತುಂಬ್ ಮುರಿಕ್ಕಣಂ ಮೋಳೇ" ಎಂದರು. ಅವರು ಹೇಳಿದ್ದು, ಕೊಕ್ಕಿನ ತುದಿ ಕತ್ತರಿಸಬೇಕು ಮಗಳೇ ಎಂದು. ಮಲಯಾಳದಲ್ಲಿ ತುಂಬು ಎಂದರೆ ತುದಿ, ಮುರಿಕ್ಕುವುದೆಂದರೆ ಕತ್ತರಿಸುವುದು. ಘಟ್ಟದ ಮೇಲಿನ ಕಿವಿಗೆ ಅದು ಕೇಳಿಸಿದ್ದು "ತುಂಬ ಮುರಿಯಬೇಕು" ಎಂದು. ಅವಳು ಹೆದರಿ ಹೆದರಿಯೇ ಬೆರಳಲ್ಲಿ ಹಿಡಿದು ಒತ್ತಿದಳು. ಕೊಕ್ಕು ಬಿರಿಯಿತು, ರಕ್ತ ಜಿನುಗಿತು, ಕೋಳಿ ಕಿರುಚಿತು. ನಾನು ಗೇಟು ದಾಟುವಾಗ ಅವಳು ಬೊಳ್ಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಳುತ್ತಾ ಕೂತಿದ್ದಳು. ಬೇಲಿಯಾಚೆ ಉಮ್ಮನೂ ಅಳುತ್ತಿದ್ದರು.

ಜೋಳದ ಹಿಟ್ಟನ್ನು ಒತ್ತಿ ಹಿಡಿದೆವು, ರಕ್ತ ನಿಂತಿತು. ಮರುದಿನ ಪಶುವೈದ್ಯರಲ್ಲಿಗೆ ಹೋದೆವು. ಆಸ್ಪತ್ರೆಯ ಫಲಕದಲ್ಲಿ "ಮೃಗಾಶುಪತ್ರಿ" ಎಂದಿತ್ತು. ಸೊಸೆ ಬಾಗಿಲಲ್ಲೇ ನಿಂತಳು. ಮಲಯಾಳದಲ್ಲಿ ಮೃಗ ಎಂದರೆ ಯಾವ ಪ್ರಾಣಿಯೂ ಆಗಬಹುದು. ನಮಗೆ ಅದು ಕಾಡಿನದು. "ಇಲ್ಲಿ ಕೋಳಿಯನ್ನು ನೋಡುತ್ತಾರಾ?" ಎಂದು ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ವೈದ್ಯರು ತಾಳ್ಮೆಯಿಂದ ತಿಳಿಸಿದರು, ನಾನು ಮಗ್ಗುಲಲ್ಲಿ ನಿಂತು ಕನ್ನಡಕ್ಕೆ ತಂದೆ. ಕೊಕ್ಕಿನ ಒಳಗೆ ಮೂಳೆಯಿದೆ, ಅದರ ಮೇಲೆ ನಮ್ಮ ಉಗುರಿನಂಥದೇ ಕೆರಟಿನ್ ಹೊದಿಕೆ. ಕೋಳಿ ಬದುಕಿರುವವರೆಗೂ ಆ ಹೊದಿಕೆ ಬೆಳೆಯುತ್ತಲೇ ಇರುತ್ತದೆ. ನೆಲ ಕೆದಕಿ ಕುಕ್ಕುವ, ಕಲ್ಲಿಗೆ ಕೊಕ್ಕು ಉಜ್ಜುವ ಕೋಳಿಯಲ್ಲಿ ಬೆಳೆದಷ್ಟೂ ಸವೆಯುತ್ತದೆ. ಮೇಲಿನದು ಕೆಳಗಿನದಕ್ಕಿಂತ ಸ್ವಲ್ಪ ಉದ್ದವಿರುವುದು ಸಹಜ. ಮಳೆಗಾಲದಲ್ಲಿ ಮುಂಗುಸಿಯ ಭಯಕ್ಕೆ ನಾವು ಬೊಳ್ಳಿಯನ್ನು ಹಲಗೆಯ ಗೂಡಿನಲ್ಲೇ ಇಟ್ಟಿದ್ದೆವು, ನೆನೆಸಿದ ತವುಡು, ಮೆತ್ತಗಿನ ಅನ್ನ ಹಾಕಿದ್ದೆವು. ಸವೆಯಲು ದಾರಿಯೇ ಇರಲಿಲ್ಲ. ಪ್ರೀತಿಯಿಂದ ಮಾಡಿದ್ದೇ ಅದಕ್ಕೆ ಉಪವಾಸ ತಂದಿತ್ತು.

ಮದ್ದು ಸಣ್ಣದು: ಅರ. ಮಲಯಾಳದಲ್ಲಿ ಅರಂ. ಈ ಮಾತಿಗೆ ಮಾತ್ರ ನನ್ನ ಅನುವಾದ ಬೇಕಾಗಲಿಲ್ಲ. ಉಗುರು ಉಜ್ಜುವ ಅರ ಸಾಕು. ಸಂಜೆಗತ್ತಲಲ್ಲಿ ಕೋಳಿ ಶಾಂತವಾಗಿರುತ್ತದೆ. ಆಗ ಟವಲಿನಲ್ಲಿ ರೆಕ್ಕೆ ಸೇರಿಸಿ ಸುತ್ತಬೇಕು, ಎದೆ ಬಿಗಿಯಬಾರದು, ಎದೆ ಅಲುಗದಿದ್ದರೆ ಅದಕ್ಕೆ ಉಸಿರಾಡಲಾಗದು. ತಿಳಿಬಣ್ಣದ ಕೊಕ್ಕಾದರೆ ಹಿಂದಿನಿಂದ ಟಾರ್ಚ್ ಹಿಡಿದರೆ ರಕ್ತನಾಳವಿರುವ ಭಾಗ ಮಬ್ಬಾಗಿ, ತುದಿ ತಿಳಿಯಾಗಿ ಕಾಣುತ್ತದೆ. ಆ ತಿಳಿಯಾದ ತುದಿ ಮಾತ್ರ ನಮ್ಮದು. ಒಂದೇ ದಿನ ಮುಗಿಸುವ ಆತುರ ಬೇಡ, ಕೆಲವು ದಿನ ಬಿಟ್ಟು ಮತ್ತೆ ಸ್ವಲ್ಪ. ಕೊಕ್ಕು ಕತ್ತರಿಯ ಹಾಗೆ ಅಡ್ಡಕ್ಕೆ ಹೋಗಿದ್ದರೆ ಅರದಿಂದ ನೇರವಾಗದು. ಅಂಥ ಕೋಳಿಗೆ ಆಳದ ಬಟ್ಟಲಲ್ಲಿ ಕಲಸಿದ ಆಹಾರ ಕೊಡಬೇಕು. ಉಜ್ಜಿದ ಬೆನ್ನಿಗೇ ಬೇಗ ಬೆಳೆದರೆ ಯಕೃತ್ತಿನ ತೊಂದರೆಯೂ ಇರಬಹುದು, ವೈದ್ಯರೇ ನೋಡಬೇಕು.

ಇಷ್ಟನ್ನೂ ಬರೆದ ಚೀಟಿ ನಮ್ಮ ಕೈಗೆ ಬಂದದ್ದು ಮಲಯಾಳದಲ್ಲಿ. ನಾನು ಓದಬಲ್ಲೆ. ಕೋಳಿಯನ್ನು ದಿನವೂ ನೋಡಿಕೊಳ್ಳುವ ಸೊಸೆ ಓದಲಾರಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1969ರ ಅಧಿಕೃತ ಭಾಷಾ ಕಾಯಿದೆ ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಆ ಹಕ್ಕು ಅರ್ಜಿಯ ಕಾಗದಕ್ಕೆ ಮಾತ್ರ ಸೀಮಿತವಾಗಬಾರದು, ಮದ್ದಿನ ಚೀಟಿಗೂ ಬರಬೇಕು ಎಂಬುದು ನನ್ನ ಬೇಡಿಕೆ. ಮಲಯಾಳದ ಮೇಲೆ ನನಗೆ ಮುನಿಸಿಲ್ಲ. ಆರೈಕೆಯ ಮಾತು ಆರೈಕೆ ಮಾಡುವವರಿಗೆ ಅರ್ಥವಾಗಬೇಕು, ಅಷ್ಟೇ. ಒಂದು ಪದ ತಪ್ಪಿ ಕೇಳಿಸಿದರೆ ಏನಾಗುತ್ತದೆ ಎಂದು ನಮ್ಮ ಅಂಗಳ ಕಂಡಿದೆ.

ಚೀಟಿಯನ್ನು ಸೊಸೆ ನನ್ನ ಬಾಯಿಂದ ಕೇಳಿ ಕನ್ನಡದಲ್ಲಿ ಬರೆದು ಗೂಡಿನ ಬಾಗಿಲಿಗೆ ಅಂಟಿಸಿದ್ದಾಳೆ. ಅಂಗಳದಲ್ಲಿ ಒಂದು ಮುರಕಲ್ಲು ಹಾಕಿದ್ದೇವೆ. ಬೊಳ್ಳಿ ತಿಂದಾದ ಮೇಲೆ ಅದರ ಒರಟು ಮೈಗೆ ಕೊಕ್ಕಿನ ಎರಡೂ ಬದಿ ಉಜ್ಜಿಕೊಳ್ಳುತ್ತದೆ. ಬಿರುಕು ಸವೆದು ಹೋಗಿದೆ, ಎದೆ ತುಂಬಿಕೊಂಡಿದೆ.

ಬೇಲಿಯ ಮಾತು ನಿಂತಿಲ್ಲ. ಈಗ ಉಮ್ಮ ಸೊಸೆಯೊಡನೆ "ತುಂಬ್" ಎನ್ನುವಾಗಲೆಲ್ಲ ತೋರುಬೆರಳ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ತೋರಿಸುತ್ತಾರೆ.