ಕಬ್ಬಿಣದ ಕೋಲಿನ ಇಳಿಹೊಡೆತ

ನಮ್ಮ ಉಮ್ಮತ್ತೂರಿನಲ್ಲಿ ಗಾಲ್ಫ್ ಮೈದಾನವಿಲ್ಲ. ಆಗಬೇಕೆಂಬ ಆಸೆಯೂ ನನಗಿಲ್ಲ. ಊರಾಚೆಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಅವು ಅಲ್ಲಿಯೇ ಸುಖವಾಗಿರಲಿ. ಆದರೂ ಈ ಆಟವು ನಮ್ಮ ಸೀಮೆಗೆ ತೀರ ದೂರದ್ದೆಂದು ಹೇಳಲಾಗದು. ಗುಂಡ್ಲುಪೇಟೆಯನ್ನು ದಾಟಿ, ಬಂಡೀಪುರದ ಕಾಡನ್ನು ಕಳೆದು ಘಟ್ಟವನ್ನೇರಿದರೆ ಉದಕಮಂಡಲದಲ್ಲಿ ಒಂದು ಮೈದಾನವುಂಟು. ಇತ್ತ ನಂಜನಗೂಡಿನ ಮೇಲೆ ಹೋದರೆ ಮೈಸೂರಿನಲ್ಲಿ, ಚಾಮುಂಡಿಬೆಟ್ಟದ ತಪ್ಪಲಿನ ಕುದುರೆ ಪಂದ್ಯದ ಬಯಲಿನಲ್ಲಿ, ಇನ್ನೊಂದು. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ. ಉದ್ಯೋಗನಿಮಿತ್ತವಾಗಿ ಮೈಸೂರಿನಲ್ಲಿ ನೆಲೆಸಿದ ಮೇಲೆ ನಾನೂ ಈ ಆಟದ ಮೋಹಕ್ಕೆ ಸಿಕ್ಕಿದೆನು. ಇಲ್ಲಿ ಆಟದ ಪುರಾಣವನ್ನೆಲ್ಲ ಹೇಳುವ ಉದ್ದೇಶವಿಲ್ಲ. ಐರನ್ ಎಂದು ಕರೆಯುವ ಕಬ್ಬಿಣದ ಕೋಲನ್ನು ಮೇಲೆತ್ತಿದ ಬಳಿಕ ಅದು ಚೆಂಡಿನ ಬಳಿಗೆ ಇಳಿದು ಬರುವ ಕಾಲು ಸೆಕೆಂಡಿನ ವಿಷಯವಾಗಿ ಮಾತ್ರ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಇದಕ್ಕೆ ಕಾರಣನಾದವನು ನನ್ನ ತಂಗಿಯ ಮಗ. ಕಾಲೇಜಿನಲ್ಲಿ ಓದುವ ಹುಡುಗ. ಅವನ ತಂದೆ ತೀರಿಕೊಂಡು ಎರಡು ವರ್ಷವಾಯಿತು. ಅವನು ಆಡುವ ಕೋಲುಗಳು ತಂದೆಯವೇ. ಡ್ರೈವರಿನಿಂದ ಚೆಂಡನ್ನು ಬಹುದೂರ ಹೊಡೆಯುವ ಈ ಹುಡುಗನಿಗೆ ಐರನ್ ಮಾತ್ರ ಒಲಿಯದು. ಒಮ್ಮೆ ಚೆಂಡಿಗೆ ಗೇಣುದ್ದ ಹಿಂದೆಯೇ ನೆಲ ಹೆರೆದು ಚೆಂಡು ನಾಲ್ಕು ಮಾರು ಹೋಗಿ ಬೀಳುವುದು. ಇನ್ನೊಮ್ಮೆ ಕೋಲಿನ ಅಂಚು ಚೆಂಡಿನ ನಡುವಿಗೆ ತಗಲಿ ಅದು ನೆಲದ ಮೇಲೆ ಮೊಲದಂತೆ ಓಡುವುದು. ಮೂರು ಪಂದ್ಯಗಳಲ್ಲಿ ಹೀಗೆಯೇ ಸೋತು, ಕಳೆದ ದಸರೆಯ ಹೊತ್ತಿಗೆ, ಕೋಲುಗಳನ್ನು ಮಾರಿಬಿಡುವೆನೆಂದು ನಿಶ್ಚಯಿಸಿದನು. ತಂಗಿ ಬೇಡವೆನ್ನಲಿಲ್ಲ, ಆ ದಿನ ಅವಳು ಊಟ ಮಾಡಲಿಲ್ಲವೆಂಬುದು ಮಾತ್ರ ನನಗೆ ತಿಳಿಯಿತು.

ಹುಡುಗನ ದೋಷವೇನೆಂಬುದನ್ನು ಕಂಡವರೆಲ್ಲರೂ ಬಲ್ಲರು. ಚೆಂಡು ನೆಲದ ಮೇಲಿದೆ, ಅದು ಆಕಾಶಕ್ಕೆ ಏರಬೇಕು. ಆದ್ದರಿಂದ ಅದನ್ನು ಎತ್ತಬೇಕು ಎಂದು ಕಣ್ಣು ಬುದ್ಧಿಗೆ ಹೇಳುತ್ತದೆ. ಬುದ್ಧಿ ಕೈಗೆ ಹೇಳುತ್ತದೆ. ಕೈ ಸೌಟಿನಂತೆ ಬಾಚಲು ಹೋಗುತ್ತದೆ, ಮೈಯ ಭಾರ ಬಲಗಾಲಿನ ಮೇಲೆಯೇ ಉಳಿಯುತ್ತದೆ. (ಬಲಗೈಯವರ ಆಟವನ್ನೇ ಇಲ್ಲಿ ಹೇಳುತ್ತಿದ್ದೇನೆ, ಎಡಚರು ತಿರುಗಿಸಿಕೊಂಡು ಓದತಕ್ಕದ್ದು.) ಭಾರ ಹಿಂದೆ ನಿಂತರೆ ಕೋಲಿನ ಹಾದಿಯ ತಗ್ಗಾದ ಬಿಂದುವೂ ಚೆಂಡಿನ ಹಿಂದೆಯೇ ನಿಲ್ಲುವುದು. ಆಮೇಲೆ ನೆಲ ಹೆರೆಯುವುದು, ಇಲ್ಲವೆ ಚೆಂಡಿನ ನೆತ್ತಿ ಸವರುವುದು, ಇವೆರಡೇ ಗತಿ.

ಚೆಂಡನ್ನು ಎತ್ತುವ ಕೆಲಸ ಆಟಗಾರನದಲ್ಲ, ಕೋಲಿನದು. ಹಳೆಯ ಮಾದರಿಯ ಏಳನೆಯ ಐರನ್ನಿನ ಮುಖ ಸುಮಾರು 34 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಅದನ್ನು ಪಳಗಿದ ಆಟಗಾರರು ಸುಮಾರು 4 ಡಿಗ್ರಿ ಕೆಳಮುಖವಾಗಿ ಚೆಂಡಿಗೆ ತಂದು ತಗುಲಿಸುತ್ತಾರೆ. 46 ಗ್ರಾಮಿಗೂ ತುಸು ಕಡಿಮೆ ತೂಕದ ಆ ಚೆಂಡು ಕೋಲಿನ ಮುಖದ ಮೇಲೆ ಇರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಅಷ್ಟರಲ್ಲಿಯೇ ಹಿಮ್ಮುಖವಾಗಿ ಸುತ್ತತೊಡಗಿ, ಆ ಸುತ್ತಿನ ಬಲದಿಂದ ಗಾಳಿಯಲ್ಲಿ ಮೇಲೇರುತ್ತದೆ. ಕೋಲು ಆ ಬಳಿಕ ಇನ್ನೂ ಇಳಿದು, ಮೂರು ನಾಲ್ಕು ಅಂಗುಲ ಮುಂದೆ ಹುಲ್ಲಿನ ಹೆಪ್ಪಳಿಕೆಯೊಂದನ್ನು ಕೀಳುವುದು. ಮೊದಲು ಚೆಂಡು, ಅನಂತರ ನೆಲ.

ಈ ಲೆಕ್ಕವೆಲ್ಲ ಹುಡುಗನಿಗೆ ಬಾಯಿಪಾಠವಾಗಿತ್ತು. ಕಲಿಸುವವರು ಒಬ್ಬರು ಮೊಣಕೈ ಎಂದರೆ ಇನ್ನೊಬ್ಬರು ಮಣಿಕಟ್ಟು ಎನ್ನುವರು. ಕಾಲು ಸೆಕೆಂಡಿನಲ್ಲಿ ಇಷ್ಟು ಉಪದೇಶಗಳನ್ನು ಯಾರು ತಾನೆ ನೆನೆಯಬಲ್ಲರು? ರಜದಲ್ಲಿ ಅವನನ್ನು ಊರಿಗೆ ಕರೆದೊಯ್ದೆನು. ನನ್ನ ಅಣ್ಣ ಅರಿಸಿನದ ಹೊಲಕ್ಕೆ ಕಾಲುವೆ ತೆಗೆಯುತ್ತಿದ್ದನು. ಹುಡುಗ ತಾನೂ ಗುದ್ದಲಿ ಹಿಡಿದು, ತೋಳಿನ ಬಲವನ್ನೆಲ್ಲ ಹಾಕಿ ಹತ್ತು ಏಟು ಹೊಡೆಯುವಷ್ಟರಲ್ಲಿ ಬೆವೆತುಹೋದನು.

“ಗುದ್ದಲೀನ ನೀನು ಇಳಿಸ್ಬೇಡ ಅಳಿಯಾ, ಅದೇ ಇಳೀತದೆ. ನೀನು ಮುಂದಿನ ಕಾಲೂರಿ ಸೊಂಟ ಕೊಡು, ಸಾಕು” ಎಂದನು ಅಣ್ಣ.

“ಕೈ ಏನು ಮಾಡಬೇಕು, ದೊಡ್ಡಮಾವ?”

“ಕೈ ಸುಮ್ನೆ ಹಿಡ್ಕೊಂಡಿರ್ಲಿ.”

ಬೆನ್ ಹೋಗನ್ ಎಂಬ ಅಮೆರಿಕದ ಮಹಾ ಆಟಗಾರ 1957ರ ತನ್ನ ಪುಸ್ತಕದಲ್ಲಿ, ಇಳಿಹೊಡೆತ ಸೊಂಟದ ತಿರುವಿನಿಂದಲೇ ಮೊದಲಾಗಬೇಕೆಂದು ಬಹು ವಿಸ್ತಾರವಾಗಿ ಬರೆದಿದ್ದಾನೆ. ಇಂದಿನ ಯಂತ್ರಗಳು ಅಳೆದು ತೋರಿಸುವುದೂ ಇದನ್ನೇ: ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ತೋಳು, ಕಟ್ಟಕಡೆಗೆ ಕೋಲು; ಒಂದರ ವೇಗ ಇನ್ನೊಂದಕ್ಕೆ ಹರಿದು ಹೋಗುತ್ತದೆ. ಅಣ್ಣನಿಗೆ ಹೋಗನ್ನನ ಹೆಸರು ಗೊತ್ತಿಲ್ಲ. ಆದರೆ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ಗುದ್ದಲಿ ನೆಟ್ಟಗೆ ಇಳಿಯುತ್ತದೆ, ಐರನ್ ಓರೆಯಾಗಿ ಮೈಯ ಸುತ್ತ ಬರುತ್ತದೆ. ಗುದ್ದಲಿಯಂತೆ ಕಡಿಯಲು ಹೋದರೆ ಮಣಿಕಟ್ಟಿಗೆ ಪೆಟ್ಟು ತಪ್ಪಿದ್ದಲ್ಲ. ಎರಡಕ್ಕೂ ಸಮಾನವಾದುದು ಕಾಲಿನಿಂದ ಆರಂಭವಾಗುವ ಆ ಅನುಕ್ರಮವೊಂದೇ.

ದುಡಿದ ಮೈಗೆ ಈ ಅನುಕ್ರಮ ಸಹಜವೆಂದು ನನಗೆ ಬಹುಕಾಲದಿಂದ ಅನ್ನಿಸಿದೆ. ನಮ್ಮ ಮೈದಾನಗಳಲ್ಲಿ ಚೀಲ ಹೊರುವ ಕ್ಯಾಡಿಗಳು ಬಿಡುವಿನಲ್ಲಿ ಒಂದು ಕೋಲು ಬೀಸುವುದನ್ನು ನೋಡಿದವರು ನನ್ನ ಮಾತನ್ನು ಅಲ್ಲಗಳೆಯಲಾರರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪನವರು ಕ್ಯಾಡಿಯಾಗಿದ್ದವರೇ. ಈ ಆಟವು ದೊಡ್ಡ ಮನುಷ್ಯರದೆಂದು ಹೇಳುವವರು ಅವರನ್ನು ನೆನೆಯಬೇಕು.

ಮರುದಿನದಿಂದ ಹಿತ್ತಿಲಿನಲ್ಲಿ ಅಭ್ಯಾಸ ನಡೆಯಿತು. ನಮ್ಮ ಕೆಮ್ಮಣ್ಣು ಬಿಸಿಲಿಗೆ ಕಲ್ಲಾಗುವುದರಿಂದ ಹಿಂದಿನ ಸಂಜೆಯೇ ನೀರು ಚಿಮುಕಿಸಿಡುತ್ತಿದ್ದೆವು. ರಂಗೋಲಿಪುಡಿಯಿಂದ ಒಂದು ಗೆರೆ ಎಳೆದು, ಗೆರೆಯು ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆಯೇ ಅರ್ಧ ಬೀಸು ಬೀಸುವುದು. ಮಣ್ಣು ಎಲ್ಲಿ ಕಿತ್ತಿದೆಯೆಂದು ಬಗ್ಗಿ ನೋಡುವುದು. ಗೆರೆಯ ಹಿಂದೆ ಕಿತ್ತರೆ ಭಾರ ಇನ್ನೂ ಹಿಂದಿದೆಯೆಂದು ಅರ್ಥ. ಗೆರೆಯಿಂದ ಮುಂದಕ್ಕೆ ಕಿತ್ತರೆ ಸರಿ. ಪೇಟೆಯ ಚಾಪೆಯ ಮೇಲಿನ ಅಭ್ಯಾಸದಲ್ಲಿ ಈ ಲಾಭವಿಲ್ಲ. ಚಾಪೆಯ ಮೇಲೆ ಹಿಂದೆ ತಗಲಿದ ಕೋಲೂ ಜಾರಿ ಚೆಂಡನ್ನು ಮುಟ್ಟುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಮಣ್ಣು ಯಾರ ಮುಲಾಜೂ ನೋಡುವುದಿಲ್ಲ. ಮೊದಲ ದಿನ ಹತ್ತರಲ್ಲಿ ಎರಡು ಗೆರೆ ದಾಟಿದವು. ನಾಲ್ಕನೆಯ ದಿನ ಆರು. ಅಂದು ಗೆರೆಯ ಮೇಲೆ ಚೆಂಡಿಟ್ಟೆವು. ಅಣ್ಣ ಕೋಲನ್ನು ಕೈಗೆತ್ತಿಕೊಂಡು, “ಇದರ ಮೊಕ ಹಿಂದಕ್ಕೆ ವಾಲ್ಕೊಂಡದಲ್ಲ, ಚೆಂಡು ತಾನೇ ಏಳ್ತದೆ” ಎಂದು ಹಿಂದಿರುಗಿಸಿದನು. ತಾನು ಆಡಲು ಒಪ್ಪಲಿಲ್ಲ. ಕಾಲುವೆಯ ಕೆಲಸ ಮುಗಿದಿರಲಿಲ್ಲ.

ಹುಡುಗ ಈಗ ಮೈಸೂರಿನಲ್ಲಿದ್ದಾನೆ. ಮುಂದಿನ ತಿಂಗಳು ಒಂದು ಪಂದ್ಯವಿದೆ. ಗೆಲ್ಲುವನೋ ಸೋಲುವನೋ ಕಾಣೆ. ಕೋಲುಗಳು ಮನೆಯಲ್ಲಿಯೇ ಇವೆ. ರಂಗೋಲಿಯ ಡಬ್ಬಿ ವಾರಕ್ಕೊಂದರಂತೆ ಬರಿದಾಗುತ್ತಿದೆಯೆಂದು ತಂಗಿ ದೂರುತ್ತಾಳೆ. ದೂರುತ್ತಲೇ ಅಂಗಡಿಯಿಂದ ಎರಡೆರಡು ತರಿಸಿ ಇಡುತ್ತಾಳೆ.