ಇದು ಬಲ್ಬಲ್ಲ, ಹಚ್ಚಿ ಬಿಡಾಕ

ನಮ್ಮ ಹಳೇ ಟರ್ಬೊ ಡೀಸೆಲ್ ಗಾಡಿ ಸೊಲ್ಲಾಪುರದ ಹಾದ್ಯಾಗ ಜೋರಾಗಿ ಜಿಗೀತಿತ್ತು, ಮರುಗಳಿಗೆಗೆ ಎತ್ತಿನಬಂಡಿ ಆಗ್ತಿತ್ತು. ಅಕ್ಕಲಕೋಟದ ಮಿಸ್ತ್ರಿ ಬಾನೆಟ್ ಎತ್ತಿ, ಹರಕು ಸೊಲ್ಲಾಪುರಿ ಚಾದರ ಹಾಸಿ ಬಗ್ಗಿ ನೋಡಿ ನಕ್ಕ.

ಹಿಂದ ಯಾರೋ ಟರ್ಬೊದ ಗಾಳಿ ಹಿಡಿತದಾಗ ಇಡೋ ಬೂಸ್ಟ್ ಸೊಲೆನಾಯ್ಡಿನ ಒಂದು ವೈರು ಬ್ಯಾಟರಿಗೆ, ಇನ್ನೊಂದು ಗಾಡಿಯ ಮೈಗೆ ಬಿಗದಿದ್ರು. ಸೊಲೆನಾಯ್ಡು ಮುಟ್ಟಿದ್ರ ಕೈ ಚುರ್ ಅಂತಿತ್ತು.

"ಮಾಲಕ್ರ, ಇದು ಬಲ್ಬಲ್ರೀ, ಹಚ್ಚಿ ಬಿಡಾಕ."

ಒಂದು ವೈರಿಗೆ ಚಾವಿ ತಿರುವಿದಾಗಷ್ಟೇ 12 ವೋಲ್ಟ್ ಬರಬೇಕಂತ, ಅದೂ ಫ್ಯೂಸ್ ದಾಟಿ. ಇನ್ನೊಂದು ಸೀದಾ ಎಂಜಿನ್ನಿನ ಕಂಪ್ಯೂಟರು ಇಸಿಯುಗೆ. ಅದು ಕಣ್ಣು ಮಿಟುಕಿಸೋದ್ರಾಗ ಎಷ್ಟೋ ಸಲ ಅರ್ಥ್ ಕೊಡ್ತದ, ಬಿಡ್ತದ. ಹಿಡಿಯೋ ಹೊತ್ತು, ಬಿಡೋ ಹೊತ್ತು ಇದರ ಲೆಕ್ಕದ ಮ್ಯಾಲ ಟರ್ಬೊ ಎಷ್ಟು ಗಾಳಿ ತುಂಬಬೇಕನ್ನೋದು. ಸದಾ ಹಿಡಿದಿದ್ರ ಗಾಳಿ ಮಿತಿ ಮೀರ್ತದ, ಇಸಿಯು ಡೀಸೆಲ್ ಕಡಿತದ. ಅದೇ ನಮ್ಮ ಎತ್ತಿನಬಂಡಿ!

ಫೋನಿನ್ಯಾಗ ಗಿರಾಕಿಗೆ ಮರಾಠಿ, ನನಗ ಕನ್ನಡ, ಕೈಯಾಳು ಹುಡುಗಗ "ಪಾನಾ ದೇ". ವೈರಿಗೆ ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಕಡೀಕ ಸೊಲೆನಾಯ್ಡಿನ ನಿರ್ವಾತದ ಪೈಪೂ ಊದಿ ನೋಡಿದ. ಅದೂ ಸೀಳಿತ್ತು. ಒಂದಿಂಚು ಕತ್ತರಿಸಿ ಮತ್ತ ಸಿಗಿಸಿದ. ವೈರಿಗೆ ಬೈದ ಬೈಗುಳದಾಗ ಅರ್ಧ ಪೈಪಿಗೆ ಸಲ್ಲಬೇಕಾಗಿತ್ತು.